ದನಗಳ ಕ್ಷಯರೋಗ: ದೊಡ್ಡ ರೋಗ ಕಲಿಸಿದ ಪಾಠ



ನಿಮ್ಮ ಮನೆಯಲ್ಲಿ ಎಪ್ಪತ್ತು ಎಂಬತ್ತು ದಾಟಿದ ಹಿರಿಯರು ಯಾರಾದರೂ ಇದ್ದರೆ, ಇವತ್ತು ಸಂಜೆ ಜಗಲಿಯಲ್ಲಿ ಅವರ ಬಳಿ ಕುಳಿತು ಒಂದು ಮಾತು ಕೇಳಿ ನೋಡಿ. "ಅಜ್ಜಾ, ದೊಡ್ಡ ರೋಗ ಅಂದರೆ ಏನು?" ಎಂದು ಕೇಳಿ. ಕಂಡವರಾದರೆ ಅವರು ತಟ್ಟನೆ ಉತ್ತರ ಹೇಳಲಿಕ್ಕಿಲ್ಲ, ಸ್ವಲ್ಪ ಹೊತ್ತು ಸುಮ್ಮನಾದಾರು. ಯಾಕೆಂದರೆ ಅದನ್ನು ಕಂಡವರು ಮರೆಯುವ ಹಾಗಿರಲಿಲ್ಲ. ಮನೆಯ ಮೂವತ್ತು ವರ್ಷದ ಹುಡುಗನನ್ನು ಅದೇ ಮಾತು ಕೇಳಿದರೆ, ಅವನು ನಿಮ್ಮ ಮುಖ ನೋಡುತ್ತಾನೆ. ಆ ಹೆಸರೇ ಅವನಿಗೆ ಗೊತ್ತಿಲ್ಲ. ಒಂದು ರೋಗ ನಿಜವಾಗಿ ಹೋಯಿತು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಈ ದಿನ ನಾನು ಹೇಳಹೊರಟದ್ದು ದನಗಳ ಕ್ಷಯರೋಗದ ವಿಷಯ. ಕ್ಷಯ ಇನ್ನೂ ಹೋಗಿಲ್ಲ. ಆದರೆ ಹೋಗದ ರೋಗದ ಕಥೆ ತಿಳಿಯಬೇಕಾದರೆ ಹೋದ ರೋಗದ ಕಥೆಯನ್ನು ಮೊದಲು ಕೇಳಬೇಕು. ಆದ್ದರಿಂದ ದೊಡ್ಡ ರೋಗದಿಂದಲೇ ಶುರು ಮಾಡುತ್ತೇನೆ.

ದೊಡ್ಡ ರೋಗವನ್ನು ಪಶುವೈದ್ಯರು ರಿಂಡರ್‌ಪೆಸ್ಟ್ ಎನ್ನುತ್ತಿದ್ದರು. ಮೊದಲು ಜ್ವರ. ದನ ಮೇವು ಬಿಡುತ್ತಿತ್ತು. ಕಣ್ಣಲ್ಲಿ ನೀರು, ಮೂಗಲ್ಲಿ ಸಿಂಬಳ. ಬಾಯಿ ತೆರೆದು ನೋಡಿದರೆ ಒಸಡಿನ ಮೇಲೆಲ್ಲ ತೌಡು ಚೆಲ್ಲಿದ ಹಾಗೆ ಹುಣ್ಣು. ಅದರ ಹಿಂದೆಯೇ ನಾರುವ ಭೇದಿ. ಹತ್ತು ಹನ್ನೆರಡು ದಿನ ಕಳೆಯುವುದರೊಳಗೆ ದನ ಮಲಗಿದ್ದು ಏಳುತ್ತಿರಲಿಲ್ಲ. ಒಂದು ಮಲಗಿದರೆ ಪಕ್ಕದ್ದೂ ಮಲಗುತ್ತಿತ್ತು. ಉಳುವ ಎತ್ತು ಹೋದರೆ ಗದ್ದೆ ಹಡಿಲು. ಗೊಬ್ಬರ ಇಲ್ಲದಿದ್ದರೆ ಅಡಿಕೆ ತೋಟವೂ ಸೊರಗುತ್ತಿತ್ತು. ದನದ ಸಾವು ಎಂದರೆ ಆ ಕಾಲಕ್ಕೆ ಮನೆಯ ಅನ್ನದ ಸಾವು.

ಆ ರೋಗ ನಡೆದು ಬರುತ್ತಿದ್ದುದು ದನಗಳ ಕಾಲಲ್ಲೇ. ನಮ್ಮ ಕಡೆಗೆ ಘಟ್ಟದ ಮೇಲಿಂದ ಎತ್ತುಗಳು ಇಳಿದು ಬರುತ್ತಿದ್ದವು. ಸುಬ್ರಹ್ಮಣ್ಯದ ಹತ್ತಿರ ಕುಲ್ಕುಂದದ ಜಾನುವಾರು ಜಾತ್ರೆಯ ಹೆಸರು ಕೇಳದ ಹಿರಿಯರು ಈ ಮೂರು ತಾಲೂಕುಗಳಲ್ಲಿ ಕಡಿಮೆ. ಜಾತ್ರೆ ಎಂದರೆ ನೂರು ಊರಿನ ದನ ಒಂದೇ ಬಯಲಲ್ಲಿ ನಿಂತು, ಒಂದೇ ತೊರೆಯ ನೀರು ಕುಡಿದು, ಮತ್ತೆ ನೂರು ಊರಿಗೆ ಹೋಗುವುದು. ಒಳ್ಳೆಯ ಜೋಡಿ ಸಿಕ್ಕಿತೆಂದು ಹಿಗ್ಗಿ ಮನೆಗೆ ಹೊಡೆದುಕೊಂಡು ಬಂದವನಿಗೆ, ಅದರ ಜೊತೆಗೆ ಏನು ಬಂತು ಎಂಬುದು ವಾರ ಕಳೆದ ಮೇಲಷ್ಟೇ ತಿಳಿಯುತ್ತಿತ್ತು. ಇದು ಕುಲ್ಕುಂದ ಒಂದರ ಮಾತಲ್ಲ. ಲೋಕದ ಎಲ್ಲ ದನದ ಜಾತ್ರೆಗಳ ಮಾತು.

ನಮ್ಮ ಹಿರಿಯರು ಇದನ್ನು ಮಾರಿ ಎಂದರು. ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ಆಟಿ ಕಳೆಂಜ ಜನಕ್ಕೂ ಜಾನುವಾರಿಗೂ ಬಂದ ಮಾರಿಯನ್ನು ಕಳೆಯುತ್ತಾನೆ ಎಂದು ನಂಬಿದರು. ನಗಬೇಡಿ. ಮದ್ದಿಲ್ಲದ ಕಾಲದಲ್ಲಿ ಮನುಷ್ಯ ಇನ್ನೇನು ಮಾಡಬೇಕು? ಬೇನೆ ಬಂದ ಊರಿನ ದನವನ್ನು ಗಡಿ ದಾಟಿಸಬಾರದು ಎಂಬ ಕಟ್ಟುಪಾಡು ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಅದು ಪಕ್ಕಾ ವಿಜ್ಞಾನವೇ ಆಗಿತ್ತು. ಹೆಸರು ಮಾತ್ರ ಬೇರೆ.

ಇನ್ನು ಮದ್ದಿನ ಕಥೆ. 1871ರಲ್ಲಿ ಬ್ರಿಟಿಷ್ ಸರ್ಕಾರದ ಒಂದು ಆಯೋಗ ಭಾರತದ ಜಾನುವಾರು ಮಾರಿಯ ಬಗ್ಗೆ ದೊಡ್ಡ ವರದಿ ಬರೆಯಿತು. 1889ರಲ್ಲಿ ಪುಣೆಯಲ್ಲಿ ಒಂದು ಪ್ರಯೋಗಶಾಲೆ ಶುರುವಾಯಿತು. ಊರ ನಡುವೆ ಇಂಥ ರೋಗದ ವಿಷವನ್ನು ಇಟ್ಟುಕೊಳ್ಳುವುದು ಅಪಾಯವೆಂದು 1893ರಲ್ಲಿ ಅದನ್ನು ಹಿಮಾಲಯದ ತಪ್ಪಲಿನ ಮುಕ್ತೇಶ್ವರಕ್ಕೆ ಒಯ್ದರು. 1897ರಲ್ಲಿ ಅಲ್ಲಿಗೆ ಜರ್ಮನಿಯ ರಾಬರ್ಟ್ ಕಾಖ್ ಎಂಬ ಮಹಾವಿಜ್ಞಾನಿ ಬಂದು ಹೋದರು. ಈ ಹೆಸರನ್ನು ನೆನಪಿಡಿ, ಇದೇ ಮನುಷ್ಯ ಮುಂದೆ ನಮ್ಮ ಕ್ಷಯದ ಕಥೆಯಲ್ಲೂ ಬರುತ್ತಾರೆ.

ಆ ರೋಗದ ಆರ್ಭಟ ಎಷ್ಟಿತ್ತೆಂದರೆ, 1880ರ ದಶಕದ ಕೊನೆಗೆ ಆಫ್ರಿಕಾ ಖಂಡದ ಎರಿಟ್ರಿಯಾದಲ್ಲಿ ಇಟಲಿಯ ಸೈನ್ಯಕ್ಕೆಂದು ತಂದ ದನಗಳೊಡನೆ ಅದು ಅಲ್ಲಿಗೆ ಕಾಲಿಟ್ಟಿತು. ಆ ದನಗಳು ನಮ್ಮ ಭಾರತದಿಂದ ಹೋದವು ಎಂದೇ ಇತಿಹಾಸಕಾರರು ಬರೆದಿದ್ದಾರೆ. ಹತ್ತು ವರ್ಷದಲ್ಲಿ ಅದು ಖಂಡದ ದಕ್ಷಿಣದ ತುದಿ ಮುಟ್ಟಿತು. ಹಲವು ಕಡೆ ಹತ್ತು ದನಗಳಲ್ಲಿ ಎಂಟು ಒಂಬತ್ತು ಸತ್ತವು. ಕಾಡೆಮ್ಮೆಗಳೂ ಹಿಂಡುಹಿಂಡಾಗಿ ಬಿದ್ದವು. ದನ ನಂಬಿ ಬದುಕುತ್ತಿದ್ದ ಜನ ಬರದಿಂದ ಸತ್ತರು. 1920ರಲ್ಲಿ ಭಾರತದಿಂದ ಬ್ರೆಜಿಲ್ ದೇಶಕ್ಕೆ ಹಡಗಿನಲ್ಲಿ ಹೊರಟ ದನಗಳು ದಾರಿಯಲ್ಲಿ ಬೆಲ್ಜಿಯಂನ ಆಂಟ್ವರ್ಪ್ ಬಂದರಲ್ಲಿ ಇಳಿದಾಗ ಅಲ್ಲಿಯೂ ರೋಗ ಹಬ್ಬಿತು. ಆ ಹೆದರಿಕೆಯಿಂದಲೇ 1924ರಲ್ಲಿ ಪ್ಯಾರಿಸಿನಲ್ಲಿ ಎಲ್ಲ ದೇಶಗಳ ಪಶುರೋಗ ಕಚೇರಿ ಹುಟ್ಟಿಕೊಂಡಿತು.

ನಮ್ಮ ನಾಡಿನಲ್ಲಿ ಏನಾಯಿತು? ಮೈಸೂರು ಸಂಸ್ಥಾನದವರು 1925ರ ಸುಮಾರಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆ ತೆರೆದರು. ನಮ್ಮ ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯಕ್ಕೆ 1932ರಲ್ಲಿ ರಾಣಿಪೇಟೆಯಲ್ಲಿ ಒಂದು ಸಂಸ್ಥೆ ಬಂತು. ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬವರು 1920ರ ದಶಕದಲ್ಲಿ ರೋಗದ ವಿಷವನ್ನು ಆಡಿನಿಂದ ಆಡಿಗೆ ದಾಟಿಸುತ್ತ ಹೋಗಿ ಅದರ ಉಗ್ರತೆಯನ್ನು ಕಡಿಮೆ ಮಾಡಿದ್ದರು. ಅದೇ ಲಸಿಕೆಯಾಯಿತು. ಸ್ವಾತಂತ್ರ್ಯ ಬಂದ ಮೇಲೆ 1954ರಲ್ಲಿ ಇಡೀ ದೇಶದಲ್ಲಿ ದೊಡ್ಡ ರೋಗ ನಿರ್ಮೂಲನದ ಯೋಜನೆ ಹೊರಟಿತು. ಹಳ್ಳಿಹಳ್ಳಿಯಲ್ಲಿ ದನಗಳನ್ನು ಸಾಲಾಗಿ ನಿಲ್ಲಿಸಿ ಚುಚ್ಚಿದರು. ಆಮೇಲೆ ಆಫ್ರಿಕಾದ ಕೆನ್ಯಾದಲ್ಲಿ ವಾಲ್ಟರ್ ಪ್ಲೋರೈಟ್ ಎಂಬವರು 1960ರ ಸುಮಾರಿಗೆ ಇನ್ನೂ ಸೌಮ್ಯವಾದ, ನಮ್ಮ ದನ ಮಿಶ್ರತಳಿ ದನ ಎರಡಕ್ಕೂ ಒಗ್ಗುವ ಲಸಿಕೆ ಕಂಡುಹಿಡಿದರು. ಒಮ್ಮೆ ಚುಚ್ಚಿದರೆ ಆ ದನಕ್ಕೆ ಆಯುಷ್ಯವಿಡೀ ಭಯವಿಲ್ಲ.

ಹಾಗಿದ್ದರೂ ರೋಗ ಸುಲಭಕ್ಕೆ ಬಿಡಲಿಲ್ಲ. 1968ರಲ್ಲಿ ಬಂಡೀಪುರ ಮತ್ತು ಮುದುಮಲೆ ಕಾಡಿನಲ್ಲಿ ದೊಡ್ಡ ರೋಗ ಹಬ್ಬಿ ಕಾಟಿಗಳು ಬಹಳ ಸತ್ತವು. ಕಾಟಿ ಎಂದರೆ ನಮ್ಮ ತೋಟದ ಬೇಲಿ ಮುರಿಯುವ ಅದೇ ಕಾಡುಕೋಣ. ಊರ ದನ ಕಾಡಿನಂಚಿಗೆ ಮೇಯಲು ಹೋಗುತ್ತದೆ, ಕಾಡಿನ ಕಾಟಿ ಅದೇ ಹುಲ್ಲಿಗೆ, ಅದೇ ಹೊಂಡದ ನೀರಿಗೆ ಬರುತ್ತದೆ. ಕೊಡುವುದು ಕೊಳ್ಳುವುದು ಅಲ್ಲೇ ಆಗುತ್ತದೆ. ಕಾಟಿಯನ್ನು ಹಿಡಿದು ಚುಚ್ಚಲು ಯಾರಿಂದ ಆದೀತು? ಆದರೆ ಊರ ದನಕ್ಕೆಲ್ಲ ಲಸಿಕೆ ಆದ ಮೇಲೆ ಕಾಡಿನಲ್ಲಿ ಆ ರೋಗ ತಾನಾಗಿಯೇ ಆರಿಹೋಯಿತು. ಒಲೆಗೆ ಸೌದೆ ಇಕ್ಕುವುದನ್ನು ನಿಲ್ಲಿಸಿದರೆ ಬೆಂಕಿ ಎಷ್ಟು ಹೊತ್ತು ಉರಿದೀತು?

1992ರಲ್ಲಿ ಯುರೋಪಿನ ದೇಶಗಳ ನೆರವಿನಿಂದ ಕೊನೆಯ ಹಂತದ ಕೆಲಸ ಶುರುವಾಯಿತು. 1995ರಲ್ಲಿ ತಮಿಳುನಾಡಿನಲ್ಲಿ ಕಂಡದ್ದೇ ದೇಶದಲ್ಲಿ ಕೊನೆಯದು. ಅಲ್ಲಿಂದ ಮುಂದೆ ಲಸಿಕೆ ಹಾಕುವುದನ್ನು ನಿಲ್ಲಿಸಿ, ಊರೂರು ತಿರುಗಿ "ಎಲ್ಲಾದರೂ ಉಳಿದಿದೆಯೋ" ಎಂದು ಹುಡುಕಿದರು. 2006ರಲ್ಲಿ ಭಾರತಕ್ಕೆ ರೋಗಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಲೋಕದಲ್ಲಿ ಕೊನೆಗೆ ಕಂಡದ್ದು 2001ರಲ್ಲಿ, ಕೆನ್ಯಾದ ಕಾಡೆಮ್ಮೆಗಳಲ್ಲಿ. 2011ರಲ್ಲಿ ಪ್ಯಾರಿಸಿನ ಅದೇ ಕಚೇರಿಯೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ಭೂಮಿಯಿಂದ ದೊಡ್ಡ ರೋಗ ಹೋಯಿತು ಎಂದು ಸಾರಿದವು. ಮನುಷ್ಯ ಲೋಕದಿಂದಲೇ ಓಡಿಸಿದ ರೋಗಗಳು ಎರಡೇ ಎರಡು. ಒಂದು ನಮ್ಮ ಸಿಡುಬು, ಇನ್ನೊಂದು ದನದ ದೊಡ್ಡ ರೋಗ.

ಇದು ಹೇಗೆ ಸಾಧ್ಯವಾಯಿತು ಎಂದು ಕೇಳಬೇಕಾದ್ದೇ. ನಾಲ್ಕು ಕಾರಣ ಹೇಳುತ್ತೇನೆ. ಒಂದು, ಆ ರೋಗ ಅಡಗುತ್ತಿರಲಿಲ್ಲ. ಬಂದರೆ ಇಡೀ ಊರಿಗೆ ಕಾಣುತ್ತಿತ್ತು. ಎರಡು, ದನ ಒಂದೋ ಸಾಯುತ್ತಿತ್ತು, ಇಲ್ಲವೇ ಪೂರ್ತಿ ಗುಣವಾಗುತ್ತಿತ್ತು. ಗುಣವಾದ ದನ ರೋಗವನ್ನು ಹೊತ್ತು ತಿರುಗುತ್ತಿರಲಿಲ್ಲ. ಮೂರು, ಒಳ್ಳೆಯ ಲಸಿಕೆ ಇತ್ತು. ನಾಲ್ಕು, ರೋಗ ಬಂದರೆ ಜನ ಮುಚ್ಚಿಡುತ್ತಿರಲಿಲ್ಲ. ಮುಚ್ಚಿಡಲು ಆಗುತ್ತಲೂ ಇರಲಿಲ್ಲ. ಈ ನಾಲ್ಕನ್ನೂ ಮನಸ್ಸಿನಲ್ಲಿಟ್ಟುಕೊಂಡು ಈಗ ಕ್ಷಯದ ಕಡೆಗೆ ಬನ್ನಿ.

ದನಕ್ಕೂ ಕ್ಷಯ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಬರುತ್ತದೆ. ಆದರೆ ಅದು ದೊಡ್ಡ ರೋಗದ ಹಾಗೆ ಡಂಗುರ ಹೊಡೆದು ಬರುವುದಲ್ಲ. ಕ್ರಿಮಿ ಹೊಕ್ಕ ದನ ಒಂದು ವರ್ಷ, ಎರಡು ವರ್ಷ, ಕೆಲವು ಸಲ ಇನ್ನೂ ಹೆಚ್ಚು ಕಾಲ ಚೆನ್ನಾಗಿಯೇ ಇರುತ್ತದೆ. ಮೇಯುತ್ತದೆ, ಕರು ಹಾಕುತ್ತದೆ, ಹಾಲು ಕೊಡುತ್ತದೆ. ಆಮೇಲೆ ನಿಧಾನವಾಗಿ ಮೈ ಇಳಿಯುತ್ತದೆ. ಬೆಳಗಿನ ಚಳಿಯಲ್ಲಿ ಒಣ ಕೆಮ್ಮು. ಹಾಲು ಕಡಿಮೆ. ಎಷ್ಟು ಹಿಂಡಿ ಹಾಕಿದರೂ ಪಕ್ಕೆಲುಬು ಎಣಿಸಬಹುದು. "ವಯಸ್ಸಾಯಿತು, ಹುಳದ ಮದ್ದು ಹಾಕಿದರೆ ಸರಿಯಾದೀತು" ಎನ್ನುತ್ತೇವೆ. ಅಷ್ಟರೊಳಗೆ ಅದು ಪಕ್ಕದ ದನಕ್ಕೆ ಉಸಿರಿನಲ್ಲಿ ಕೊಟ್ಟಾಗಿರುತ್ತದೆ. ಕರುವಿಗೆ ಹಾಲಿನಲ್ಲಿ ಕೊಟ್ಟಾಗಿರುತ್ತದೆ. ಮನೆಯ ಮಗುವಿಗೆ?

ಈ ಪ್ರಶ್ನೆಗೆ ದೊಡ್ಡದೊಂದು ಚರಿತ್ರೆಯೇ ಇದೆ. 1882ರ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಖ್ ಕ್ಷಯದ ಕ್ರಿಮಿಯನ್ನು ಕಂಡೆನೆಂದು ಸಭೆಯ ಮುಂದೆ ತೋರಿಸಿದರು. 1890ರಲ್ಲಿ ಆ ಕ್ರಿಮಿಯ ಸತ್ವದಿಂದ ಟ್ಯುಬರ್ಕುಲಿನ್ ಎಂಬ ಮದ್ದು ಮಾಡಿ, ಇದರಿಂದ ಕ್ಷಯ ಗುಣವಾದೀತು ಎಂದರು. ಗುಣವಾಗಲಿಲ್ಲ, ಜನ ನಿರಾಶರಾದರು. ಆದರೆ ಗುಣಮಾಡದ ಆ ಮದ್ದು ಬೇರೊಂದು ಕೆಲಸಕ್ಕೆ ಬಂತು. ರೋಗ ಅಡಗಿರುವ ದನಕ್ಕೆ ಅದನ್ನು ಚುಚ್ಚಿದರೆ ಮೈ ಪ್ರತಿಕ್ರಿಯೆ ತೋರಿಸುತ್ತದೆ, ಆರೋಗ್ಯವಾದ ದನಕ್ಕೆ ಏನೂ ಆಗುವುದಿಲ್ಲ. ಕಣ್ಣಿಗೆ ಕಾಣದ ರೋಗವನ್ನು ಕಾಣಿಸುವ ಕನ್ನಡಿ ಸಿಕ್ಕಿದ ಹಾಗಾಯಿತು. ಇವತ್ತಿಗೂ ಪಶುವೈದ್ಯರು ಮಾಡುವ ಪರೀಕ್ಷೆ ಅದರ ಮರಿಮಗನೇ. ಕುತ್ತಿಗೆಯ ಚರ್ಮದೊಳಕ್ಕೆ ಒಂದು ಹನಿಯಷ್ಟು ಚುಚ್ಚಿ, 72 ಗಂಟೆ ಬಿಟ್ಟು ಬಂದು ಚರ್ಮದ ಮಡಿಕೆ ಎಷ್ಟು ದಪ್ಪವಾಯಿತೆಂದು ಅಳೆಯುತ್ತಾರೆ.

ಅಷ್ಟು ದೊಡ್ಡ ವಿಜ್ಞಾನಿಯೂ ಒಂದು ಕಡೆ ತಪ್ಪಿದರು. 1901ರಲ್ಲಿ ಲಂಡನ್ನಿನ ಸಭೆಯಲ್ಲಿ, ದನದ ಕ್ಷಯದಿಂದ ಮನುಷ್ಯನಿಗೆ ಹೆಚ್ಚಿನ ಭಯವಿಲ್ಲ ಎಂದುಬಿಟ್ಟರು. ಬ್ರಿಟಿಷರು ಆ ಮಾತನ್ನು ಸುಮ್ಮನೆ ಒಪ್ಪದೆ ಒಂದು ಆಯೋಗ ಕೂರಿಸಿದರು. 1911ರವರೆಗೆ, ಹತ್ತು ವರ್ಷ, ಅದು ಕೆಲಸ ಮಾಡಿತು. ಅದರ ತೀರ್ಪು ಏನೆಂದರೆ, ದನದ ಕ್ಷಯ ಹಾಲಿನ ಮೂಲಕ ಮನುಷ್ಯನಿಗೆ, ಅದರಲ್ಲೂ ಮಕ್ಕಳಿಗೆ ಬರುತ್ತದೆ ಎಂಬುದು. ಕುತ್ತಿಗೆಯ ಗಂಟುಗಳು ಊದುವ ಗಂಡಮಾಲೆ, ಹೊಟ್ಟೆಯ ಕ್ಷಯ, ಬೆನ್ನು ಬಾಗಿಸುವ ಮೂಳೆಯ ಕ್ಷಯ ಇವೆಲ್ಲ ಹಸಿ ಹಾಲು ಕುಡಿದ ಮಕ್ಕಳಲ್ಲಿ ಬಹಳ ಕಂಡವು. ಹಾಲನ್ನು ಕಾಯಿಸಿ ಕೊಡುವ ಪದ್ಧತಿ ಬಂದ ಮೇಲೆ ಆ ದೇಶಗಳಲ್ಲಿ ಇವು ಇಳಿದವು. ನಮ್ಮ ಅಜ್ಜಿಯಂದಿರು ಹಾಲನ್ನು ಉಕ್ಕಿಸಿಯೇ ಬಳಸುತ್ತಿದ್ದರಲ್ಲ, ಅವರು ಎಷ್ಟು ಮಕ್ಕಳನ್ನು ಉಳಿಸಿದರೋ ಯಾರು ಲೆಕ್ಕ ಇಟ್ಟಿದ್ದಾರೆ!

ಇನ್ನೊಂದು ಸೋಜಿಗ ಕೇಳಿ. ನಿಮ್ಮ ಮಗು ಹುಟ್ಟಿದ ಕೂಡಲೆ ಎಡ ತೋಳಿಗೆ ಹಾಕಿಸುವ ಬಿ.ಸಿ.ಜಿ. ಲಸಿಕೆ ಹುಟ್ಟಿದ್ದೇ ದನದ ಕ್ಷಯದ ಕ್ರಿಮಿಯಿಂದ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬ ಇಬ್ಬರು ಅದನ್ನು 13 ವರ್ಷ ಬಟಾಟೆ ಮತ್ತು ದನದ ಪಿತ್ತರಸದ ಮೇಲೆ ಬೆಳೆಸಿ ಬೆಳೆಸಿ ಸಾಧು ಮಾಡಿದರು. 1921ರಲ್ಲಿ ಮೊದಲ ಸಲ ಮಗುವಿಗೆ ಕೊಟ್ಟರು. ನಮ್ಮ ದೇಶದಲ್ಲಿ 1948ರಲ್ಲಿ ಬಿ.ಸಿ.ಜಿ. ಹಾಕುವ ಕೆಲಸ ಶುರುವಾಯಿತು. ಮನುಷ್ಯರ ಕ್ಷಯದ ವಿಚಾರಕ್ಕೆಂದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ತೆರೆಯಿತು. ಆದರೆ ದೊಡ್ಡ ರೋಗಕ್ಕೆ 1954ರಲ್ಲಿ ಹೊರಟಂತಹ ಯೋಜನೆ ದನದ ಕ್ಷಯಕ್ಕೆ ಹೊರಡಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ತಂದ ಪಶುರೋಗ ನಿಯಂತ್ರಣ ಕಾರ್ಯಕ್ರಮವೂ ಕಾಲುಬಾಯಿ ಜ್ವರ ಮತ್ತು ಕಂದು ಹಾಕುವ ಬ್ರುಸೆಲ್ಲಾ ರೋಗಕ್ಕೆಂದು ಹೊರಟದ್ದು.

ಬೇರೆ ದೇಶದವರು ಏನು ಮಾಡಿದರು ಎಂದರೆ, ಅವರಲ್ಲಿ ಎರಡು ದಾರಿ. ಡೆನ್ಮಾರ್ಕಿನ ಬ್ಯಾಂಗ್ ಎಂಬ ಪಶುವೈದ್ಯರು 1892ರಿಂದ ಒಂದು ಉಪಾಯ ಹೇಳಿಕೊಟ್ಟರು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ದನಗಳನ್ನು ಬೇರೆ ಹಟ್ಟಿಯಲ್ಲಿ ಕಟ್ಟಿ, ಅವು ಹಾಕಿದ ಕರುಗಳನ್ನು ಹುಟ್ಟಿದ ಕೂಡಲೆ ಬೇರ್ಪಡಿಸಿ, ಕಾಯಿಸಿದ ಹಾಲಿನಲ್ಲಿ ಸಾಕಿ, ನಿಧಾನವಾಗಿ ಶುದ್ಧವಾದ ಹಿಂಡು ಕಟ್ಟುವುದು. ಎರಡನೆಯದು ಅಮೆರಿಕದ ದಾರಿ. 1917ರಿಂದ ಅವರು ದೇಶದ ದನಗಳನ್ನೆಲ್ಲ ಪರೀಕ್ಷಿಸಿ, ರೋಗ ಕಂಡದ್ದನ್ನು ಕೊಂದು, ಯಜಮಾನನಿಗೆ ಹಣ ಕೊಟ್ಟರು. ರೋಗ ಬಹುಮಟ್ಟಿಗೆ ಇಳಿಯಿತು. ಆಸ್ಟ್ರೇಲಿಯಾ 1970ರಲ್ಲಿ ಶುರುಮಾಡಿ, ಕಾಡುಪಾಲಾದ ಎಮ್ಮೆಗಳನ್ನೂ ಬಿಡದೆ ಕಳೆದು, 1997ರಲ್ಲಿ ರೋಗಮುಕ್ತವಾಯಿತು.

ಆದರೆ ಕೊಲ್ಲುವ ದಾರಿಯಲ್ಲೂ ಎಲ್ಲರಿಗೂ ಗೆಲುವು ಸಿಗಲಿಲ್ಲ, ಕಾರಣ ಕಾಡು. ಇಂಗ್ಲೆಂಡಿನಲ್ಲಿ ಹಟ್ಟಿ ಶುದ್ಧವಾಗುತ್ತ ಬಂದಾಗ, 1971ರಲ್ಲಿ ಬ್ಯಾಡ್ಜರ್ ಎಂಬ ಬಿಲ ತೋಡುವ ಪ್ರಾಣಿಯೊಂದು ಕ್ಷಯದಿಂದ ಸತ್ತದ್ದು ಸಿಕ್ಕಿತು. ದನದಿಂದ ಅದಕ್ಕೆ, ಅದರಿಂದ ದನಕ್ಕೆ. ಅದನ್ನು ಕೊಲ್ಲಬೇಕೋ, ಅದಕ್ಕೇ ಲಸಿಕೆ ಹಾಕಬೇಕೋ ಎಂಬ ಜಗಳ ಅಲ್ಲಿ ಐವತ್ತು ವರ್ಷ ದಾಟಿತು. ನ್ಯೂಜಿಲೆಂಡಿನಲ್ಲಿ ಪೊಸಮ್ ಎಂಬ ಮರ ಹತ್ತುವ ಪ್ರಾಣಿಯದೂ ಅದೇ ಕಥೆ. ದೊಡ್ಡ ರೋಗ ಊರಿನಲ್ಲಿ ಆರಿದರೆ ಕಾಡಿನಲ್ಲೂ ಆರುತ್ತಿತ್ತು ಎಂದೆನಲ್ಲ, ಕ್ಷಯ ಹಾಗಲ್ಲ. ಅದು ಬೂದಿ ಮುಚ್ಚಿದ ಕೆಂಡದ ಹಾಗೆ ಕಾಡಿನಲ್ಲಿ ಕುಳಿತುಬಿಡಬಹುದು.

ನಮ್ಮ ಕಾಡಿನ ಮಾತೇನು? ಪುಷ್ಪಗಿರಿ, ಬಿಸಿಲೆಯ ಕಾಡಿನಂಚಿನ ಸುಳ್ಯ ಕಡಬದ ಊರುಗಳಿಗೆ ಆನೆ, ಕಾಟಿ, ಕಡವೆ ಹೊಸಬರಲ್ಲ. ದಕ್ಷಿಣ ಭಾರತದಲ್ಲಿ ಸಾಕಿದ ಆನೆಗಳಲ್ಲಿ ಕ್ಷಯ ಕಂಡಿದೆ. 2017ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ ದಕ್ಷಿಣ ಭಾರತದ ಮೂರು ಕಾಡಾನೆಗಳು ಕ್ಷಯದಿಂದ ಸತ್ತ ವಿಷಯ ಬಂತು. ಅವುಗಳ ಮೈಯಲ್ಲಿ ಸಿಕ್ಕಿದ್ದು ದನದ ಕ್ರಿಮಿಯಲ್ಲ, ಮನುಷ್ಯರ ಕ್ಷಯದ ಕ್ರಿಮಿ! ಕಾಡಿನಿಂದ ನಮಗೆ ಬರುತ್ತದೆ ಎಂದು ಹೆದರುವವರು ನಮ್ಮಿಂದ ಕಾಡಿಗೆ ಏನು ಹೋಗುತ್ತಿದೆ ಎಂಬುದನ್ನೂ ಯೋಚಿಸಬೇಡವೇ?

ಇನ್ನು ನಮ್ಮ ಹಟ್ಟಿಯ ಲೆಕ್ಕ. ದೇಶದ ಬೇರೆ ಬೇರೆ ಕಡೆ ನಡೆದ ಪರೀಕ್ಷೆಗಳನ್ನೆಲ್ಲ ಕೂಡಿಸಿ 2018ರಲ್ಲಿ ಒಂದು ಅಂದಾಜು ಪ್ರಕಟಿಸಿದರು. ಅದರ ಪ್ರಕಾರ ನೂರು ದನಗಳಲ್ಲಿ ಸುಮಾರು ಏಳಕ್ಕೆ ಕ್ಷಯದ ಸೋಂಕು ಇರಬಹುದು. ಬಯಲಲ್ಲಿ ಮೇಯುವ ಒಂದೆರಡು ದನಕ್ಕಿಂತ, ಒಟ್ಟಿಗೆ ಕಟ್ಟಿಹಾಕಿ ಸಾಕುವ ದೊಡ್ಡ ಹಿಂಡಿನಲ್ಲಿ, ಮಿಶ್ರತಳಿಯಲ್ಲಿ ಅದು ಹೆಚ್ಚು. ಹಿಂದೆ ನಮ್ಮಲ್ಲಿ ಇದ್ದದ್ದು ಗುಡ್ಡೆಗೆ ಹೋಗಿ ಮೇದು ಬರುವ ಗಿಡ್ಡ ತಳಿಯ ದನ. ಈಗ ಹಟ್ಟಿಯಲ್ಲಿರುವುದು ಜರ್ಸಿ, ಹೋಲ್‌ಸ್ಟೀನ್ ಮಿಶ್ರತಳಿ. ಹಾಲು ಹೆಚ್ಚಾಯಿತು, ಸೊಸೈಟಿಯಿಂದ ಹತ್ತು ಕಾಸು ಮನೆಗೆ ಬಂತು, ಮಕ್ಕಳು ಓದಿದರು. ಬೇಡ ಎನ್ನುವುದಿಲ್ಲ. ಆದರೆ ಗಾಳಿ ಬೆಳಕು ಬಾರದ ಮೂಲೆಯಲ್ಲಿ ಆರು ದನ ಮುಸುಡಿಗೆ ಮುಸುಡಿ ತಾಗಿಸಿ ನಿಂತರೆ ಕ್ಷಯಕ್ಕೆ ಅದಕ್ಕಿಂತ ಹಬ್ಬ ಇನ್ನೊಂದಿಲ್ಲ.

ವಿಜ್ಞಾನಿಗಳೂ ಇನ್ನೂ ಹೊಸತು ಕಲಿಯುತ್ತಿದ್ದಾರೆ. 2020ರಲ್ಲಿ ಪ್ರಕಟವಾದಂತೆ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ 940 ಕ್ಷಯ ಮಾದರಿಗಳನ್ನು ಪರೀಕ್ಷಿಸಿದಾಗ, ಯುರೋಪಿನ ದನಗಳಲ್ಲಿ ಕಾಣುವ ಹಳೆಯ ದನದ ಕ್ರಿಮಿ ಸಿಗಲಿಲ್ಲ. ಅದರ ದಾಯಾದಿ ಒರಿಗಿಸ್ ಎಂಬ ಕ್ರಿಮಿ ಏಳು ಮಂದಿಯಲ್ಲಿ ಸಿಕ್ಕಿತು. ಈ ಒರಿಗಿಸ್ ಚೆನ್ನೈ ಕಡೆಯ ದನಗಳಲ್ಲೂ ಕಂಡಿದೆ. ಅಂದರೆ ಬಹುತೇಕ ಮನುಷ್ಯರಿಗೆ ಕ್ಷಯ ಬರುವುದು ಮನುಷ್ಯರಿಂದಲೇ. ದನದಿಂದ ಬರುವುದು ಕಡಿಮೆ, ಆದರೆ ಇದೆ. ಹೆದರಿ ದನ ಮಾರುವಷ್ಟು ಅಲ್ಲ, ಮರೆತು ಕೂರುವಷ್ಟೂ ಅಲ್ಲ.

ಮೊದಲು ಹೇಳಿದ ನಾಲ್ಕು ಕಾರಣಗಳನ್ನು ಈಗ ಕ್ಷಯಕ್ಕೆ ಇಟ್ಟು ನೋಡಿ. ರೋಗ ಕಾಣುತ್ತದೆಯೇ? ಇಲ್ಲ, ಅಡಗುತ್ತದೆ. ದನ ಬೇಗ ಸಾಯುತ್ತದೆಯೇ, ಪೂರ್ತಿ ಗುಣವಾಗುತ್ತದೆಯೇ? ಎರಡೂ ಇಲ್ಲ, ಹೊತ್ತು ತಿರುಗುತ್ತದೆ. ದನಕ್ಕೆ ಊರೂರಲ್ಲಿ ಹಾಕುವಂಥ ಲಸಿಕೆ ಇದೆಯೇ? ಬಳಕೆಗೆ ಬಂದಿಲ್ಲ. ಮೂರು ಬಾಗಿಲೂ ಮುಚ್ಚಿವೆ. ಕೊಲ್ಲುವ ದಾರಿಯನ್ನು ನಮ್ಮ ಮನಸ್ಸು ಒಪ್ಪದು. ದನಕ್ಕೆ ತಿಂಗಳುಗಟ್ಟಲೆ ಮದ್ದು ಕೊಟ್ಟು ಗುಣಪಡಿಸುತ್ತೇನೆ ಎಂದರೆ ಖರ್ಚೂ ತಾಳದು, ಕ್ರಿಮಿ ಮದ್ದಿಗೆ ಬಗ್ಗದಂತೆ ಆಗುವ ಭಯವೂ ಇದೆ. ಹಾಗಾದರೆ ತೆರೆದಿರುವುದು ನಾಲ್ಕನೆಯ ಬಾಗಿಲು ಒಂದೇ. ಅದು ಮುಚ್ಚಿಡದಿರುವುದು. ಆ ಬಾಗಿಲಿನ ಕೀಲಿಕೈ ನಿಮ್ಮ ಕೈಯಲ್ಲಿದೆ.

ಇಲ್ಲೇ ಕಷ್ಟ ಇರುವುದು, ಅದನ್ನು ನಾನು ಮುಚ್ಚಿ ಹೇಳುವುದಿಲ್ಲ. ಸಾಲ ಮಾಡಿ ತಂದ ದನ. ಪರೀಕ್ಷೆಯಲ್ಲಿ ಕ್ಷಯ ಎಂದು ಬಂತು. ಅಮೆರಿಕದವರ ಹಾಗೆ ಹಣ ಕೊಟ್ಟು ಆ ದನವನ್ನು ಒಯ್ಯುವವರು ನಮ್ಮಲ್ಲಿ ಇಲ್ಲ. ಆಗ ಮನಸ್ಸಿನಲ್ಲಿ ಏನು ಬರುತ್ತದೆ? "ಯಾರಿಗೂ ಹೇಳದೆ ದಲ್ಲಾಳಿಗೆ ಕೊಟ್ಟುಬಿಡುವ" ಎಂದೇ ಬರುತ್ತದೆ. ಮನುಷ್ಯ ಸಹಜ. ಆದರೆ ನೋಡಿ, ಅದನ್ನು ಕೊಂಡವನೂ ನಿಮ್ಮ ಹಾಗೆ ಸಾಲ ಮಾಡಿದವನೇ, ಅವನ ಮನೆಯಲ್ಲೂ ಹಾಲು ಕುಡಿಯುವ ಮಗು ಇದೆ. ಹಿಂದೆ ಜಾತ್ರೆಯ ಎತ್ತಿನ ಜೊತೆ ದೊಡ್ಡ ರೋಗ ಊರಿಂದೂರಿಗೆ ಹೋದದ್ದು ಹೀಗೆಯೇ. ಅಂಥ ದನವನ್ನು ಮಾರುವುದೆಂದರೆ ರೋಗವನ್ನೇ ಮಾರಿದ ಹಾಗೆ. ಅದು ಇನ್ನೊಂದು ದಿನ ಇನ್ನೊಂದು ದನದ ರೂಪದಲ್ಲಿ ನಿಮ್ಮ ಹಟ್ಟಿಗೇ ಹಿಂತಿರುಗೀತು.

ಹಾಗಾದರೆ ಮಾಡಬೇಕಾದ್ದೇನು? ಬ್ಯಾಂಗ್ ಹೇಳಿದ ದಾರಿಯೇ ನಮಗೆ ಹೊಂದುವ ದಾರಿ. ದನ ತರುವ ಮೊದಲು ಪಶು ಆಸ್ಪತ್ರೆಯವರನ್ನು ಕೇಳಿ ಪರೀಕ್ಷೆ ಮಾಡಿಸಿ. ಆಗದಿದ್ದರೆ ತಂದ ದನವನ್ನು ಕೆಲವು ದಿನ ಪ್ರತ್ಯೇಕ ಕಟ್ಟಿ ಆ ಹೊತ್ತಿನಲ್ಲೇ ಪರೀಕ್ಷೆ ಮಾಡಿಸಿ. ಬಹಳ ದಿನದಿಂದ ಕೆಮ್ಮುವ, ಕಾರಣವಿಲ್ಲದೆ ಬಡಕಲಾಗುವ ದನವನ್ನು ಡಾಕ್ಟರಿಗೆ ತೋರಿಸಿ. ಕ್ಷಯ ಎಂದಾದರೆ ಅದನ್ನು ಬೇರೆ ಮಾಡಿನಡಿ ಕಟ್ಟಿ, ಅದರ ಬಾನಿ, ಅಕ್ಕಚ್ಚಿನ ಪಾತ್ರೆ ಬೇರೆಯೇ ಇರಲಿ, ಆರೋಗ್ಯದ ದನದ ಕೆಲಸ ಮುಗಿಸಿದ ಮೇಲೆ ಅದರ ಕೆಲಸ ಮಾಡಿ. ಅದರ ಕರುವಿಗೆ ತಾಯಿಯ ಮೊಲೆ ಬಿಡದೆ ಕಾಯಿಸಿ ಆರಿಸಿದ ಹಾಲು ಕೊಡಿ. ಆ ದನದ ಹಾಲನ್ನು ಸೊಸೈಟಿಗೆ ಹಾಕಬೇಡಿ. ಉಳಿದದ್ದನ್ನು ಡಾಕ್ಟರು ಹೇಳಿದಂತೆ ಮಾಡಿ. ಹಟ್ಟಿಗೆ ಪೂರ್ವದ ಬಿಸಿಲು ಬೀಳುವ ಹಾಗೆ ಒಂದು ಗೋಡೆ ತೆರೆದಿಡಿ. ನೆರಳಿನ ಸೆಗಣಿಯಲ್ಲಿ ತಿಂಗಳುಗಟ್ಟಲೆ ಬದುಕುವ ಕ್ರಿಮಿ ನೇರ ಬಿಸಿಲಿಗೆ ಬೇಗ ಸಾಯುತ್ತದೆ.

ತಾಯಂದಿರಿಗೆ ಒಂದು ಮಾತು. ಕರೆದ ಕೂಡಲೆ ಬಿಸಿಬಿಸಿ ನೊರೆಹಾಲು ಮಗುವಿಗೆ ಪುಷ್ಟಿ ಎಂದು ಕೊಡುವ ಅಭ್ಯಾಸ ಕೆಲವು ಮನೆಗಳಲ್ಲಿ ಇದೆ. ದಯವಿಟ್ಟು ಬಿಡಿ. ಅದು ದನದ ಮೈಯ ಬಿಸಿ, ಒಲೆಯ ಬಿಸಿಯಲ್ಲ. ಹಾಲು ಒಮ್ಮೆ ಚೆನ್ನಾಗಿ ಉಕ್ಕಿ ಬಂದರೆ ಕ್ಷಯದ ಕ್ರಿಮಿ ಉಳಿಯುವುದಿಲ್ಲ. ಮೊಸರಿಗೆ ಹೆಪ್ಪು ಹಾಕುವುದಕ್ಕೂ, ಬೆಣ್ಣೆಗೂ, ಪೂಜೆಯ ಪಂಚಾಮೃತಕ್ಕೂ ಕಾಯಿಸಿ ಆರಿಸಿದ ಹಾಲನ್ನೇ ಬಳಸಿ. ದೇವರು ಅದಕ್ಕೇನೂ ಮುನಿಯಲಾರ.

ಮನೆಯವರಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮಿದ್ದರೆ ಅವರು ಹಾಲು ಕರೆಯುವುದು ಬೇಡ. ಕಫ ಪರೀಕ್ಷೆ ಮಾಡಿಸಲಿ. ಕ್ಷಯದ ಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹಟ್ಟಿಯಲ್ಲಿ ಕ್ಷಯದ ದನ ಇದ್ದರೆ ಆ ವಿಷಯವನ್ನು ನಿಮ್ಮ ಡಾಕ್ಟರಿಗೂ ಹೇಳಿ, ಯಾಕೆಂದರೆ ಹಳೆಯ ದನದ ಕ್ರಿಮಿಗೆ ಮಾಮೂಲಿ ಮದ್ದುಗಳಲ್ಲಿ ಒಂದು ತಾಗುವುದಿಲ್ಲ. ಇನ್ನು ಸತ್ತ ದನವನ್ನು ಕಾಡಿನಂಚಿಗೆ ಎಳೆದು ಹಾಕಬೇಡಿ. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ನರಿ ಹಂದಿಗಳು ಎಳೆದಾಡಿದರೆ ಇಂಗ್ಲೆಂಡಿನ ಬ್ಯಾಡ್ಜರ್ ಕಥೆ ನಮ್ಮ ಗುಡ್ಡೆಯಲ್ಲೂ ಶುರುವಾಗಬಾರದಲ್ಲ?

ದೊಡ್ಡ ರೋಗ ಹೋಗಲು ಸರ್ಕಾರ ಬಂತು, ವಿಜ್ಞಾನಿ ಬಂದರು, ಲಸಿಕೆ ಬಂತು. ಆದರೆ ದನವನ್ನು ಹಗ್ಗ ಹಿಡಿದು ಸಾಲಿನಲ್ಲಿ ನಿಲ್ಲಿಸಿದವರು ನಿಮ್ಮ ಅಜ್ಜ ಅಜ್ಜಿಯಂದಿರು. ಅವರು ಒಪ್ಪದೆ ಒಂದು ದನಕ್ಕೂ ಸೂಜಿ ತಾಗುತ್ತಿರಲಿಲ್ಲ. ಕ್ಷಯಕ್ಕೆ ಅಂಥ ದಂಡು ಇನ್ನೂ ಹೊರಟಿಲ್ಲ. ಅದು ಹೊರಡಲಿ ಎಂದು ಗ್ರಾಮಸಭೆಯಲ್ಲಿ, ಹಾಲಿನ ಸೊಸೈಟಿಯ ಮಹಾಸಭೆಯಲ್ಲಿ ಎದ್ದು ನಿಂತು ಕೇಳಿ. ಪರೀಕ್ಷೆ ಬೇಕು, ದನ ಕಳೆದುಕೊಂಡವನಿಗೆ ಪರಿಹಾರ ಬೇಕು ಎಂದು ಕೇಳಿ. ಅದು ಬರುವವರೆಗೆ ಹಾಲು ಉಕ್ಕಿಸುವುದು, ಹಟ್ಟಿಗೆ ಬೆಳಕು ಬಿಡುವುದು, ರೋಗವನ್ನು ಮುಚ್ಚಿ ಮಾರದಿರುವುದು, ಇವಕ್ಕೆ ಯಾರ ಅಪ್ಪಣೆಯೂ ಬೇಡ.

ಇವತ್ತು ಮೂವತ್ತರ ಹುಡುಗನಿಗೆ ದೊಡ್ಡ ರೋಗದ ಹೆಸರು ಗೊತ್ತಿಲ್ಲ ಎಂದೆನಲ್ಲ. ಅವನ ಮೊಮ್ಮಗ ಒಂದು ದಿನ "ಅಜ್ಜಾ, ದನದ ಕ್ಷಯ ಅಂದರೆ ಏನು?" ಎಂದು ಕೇಳುವಂತಾಗಲಿ.